ತೆಂಗಿನೆಣ್ಣೆಯ ಅವಲಕ್ಕಿ ಮತ್ತು ನನ್ನ ಕೊಲೆಸ್ಟ್ರಾಲ್

ನನಗೆ ಮದುವೆಯಾದದ್ದು ಐವತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಕಾರಣ ಕೊಲೆಸ್ಟ್ರಾಲ್. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ‘ನಿಜವಾ?’ ಎನ್ನುತ್ತಾರೆ. ನಿಜ. ಈಗಲೂ ನೆನೆಸಿಕೊಂಡರೆ ಪಾಠದ ಮಧ್ಯದಲ್ಲೇ ನಗು ಬಂದು, ಬೋರ್ಡಿನ ಕಡೆ ತಿರುಗಿ ನಿಲ್ಲಬೇಕಾಗುತ್ತದೆ.

ನಾನು ಕೊಪ್ಪದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ತವರು ನರಸಿಂಹರಾಜಪುರದ ಹತ್ತಿರದ ಹಳ್ಳಿ. ಶಿವಪೂಜೆ ಮಾಡದೆ ತಿಂಡಿ ಮುಟ್ಟದ, ಗದ್ದೆಯ ಜೊತೆಗೆ ಸಣ್ಣದೊಂದು ದಿನಸಿ ಅಂಗಡಿಯನ್ನೂ ನಡೆಸಿಕೊಂಡು ಬಂದ ಮನೆ. ನಮ್ಮ ಅಡುಗೆಮನೆಯಲ್ಲಿದ್ದದ್ದು ಒಂದೇ ಎಣ್ಣೆ, ಕಡಲೆಕಾಯಿ ಎಣ್ಣೆ. ತೆಂಗಿನೆಣ್ಣೆಯ ಜಾಗ ಕನ್ನಡಿಯ ಪಕ್ಕ, ಬಾಚಣಿಗೆಯ ಜೊತೆ. ಅದನ್ನು ಬಾಣಲೆಗೆ ಹಾಕುವವರಿದ್ದಾರೆ ಎಂದು ಚಿಕ್ಕವಳಿದ್ದಾಗ ಯಾರಾದರೂ ಹೇಳಿದ್ದರೆ, ಸೀಗೆಪುಡಿಯಲ್ಲಿ ಪಲ್ಯ ಮಾಡುತ್ತಾರೆ ಎಂದಷ್ಟೇ ಆಶ್ಚರ್ಯವಾಗುತ್ತಿತ್ತು.

ಮದುವೆ ಯಾಕೋ ಕೂಡಿಬರಲಿಲ್ಲ. ಅದಕ್ಕಾಗಿ ಅಳುತ್ತಲೂ ಕೂರಲಿಲ್ಲ. ಶಾಲೆ, ಬಾಡಿಗೆ ಮನೆ, ಸಂಜೆ ಬೇಕರಿಯಲ್ಲಿ ಒಂದು ಪಫ್ಸ್, ಟೀ. ಹೀಗೆ ಚೆನ್ನಾಗಿಯೇ ದಿನ ಹೋಗುತ್ತಿತ್ತು. ನಲವತ್ತೊಂಬತ್ತಕ್ಕೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು.

ನಾನು ಹೋದಾಗ ಲ್ಯಾಬಿನ ಬಾಗಿಲೇನೋ ತೆರೆದಿತ್ತು, ರಕ್ತ ತೆಗೆಯುವ ಹುಡುಗಿ ಬಂದಿರಲಿಲ್ಲ. ಅವಳು ಬಾಳೆಹೊನ್ನೂರಿಂದ ಬರಬೇಕು, ಬಸ್ಸು ಇವತ್ತು ತಡ ಎಂದು ಕಸ ಗುಡಿಸುತ್ತಿದ್ದ ಹೆಂಗಸು ಹೇಳಿದಳು. ಹಸಿವಿನಲ್ಲಿ ಕೂತವಳ ಮೂಗಿಗೆ ಘಮ್ಮೆಂದು ತೆಂಗಿನೆಣ್ಣೆಯ ವಾಸನೆ ಬಂತು.

“ಯಾರೋ ತಲೆಗೆ ಎಣ್ಣೆ ಸುರ್ಕೊಂಡು ಬಂದಿದ್ದಾರೆ,” ಎಂದು ಗುಡಿಸುವವಳಿಗೆ ಮೆಲ್ಲಗೆ ಹೇಳಿದೆ. ಮೆಲ್ಲಗೆ ಎಂದು ನಾನು ಅಂದುಕೊಂಡದ್ದು. ಮೇಷ್ಟರ ಗಂಟಲು ಮೆಲ್ಲಗೆ ಮಾತಾಡುವುದನ್ನು ಯಾವಾಗಲೋ ಮರೆತಿರುತ್ತದೆ.

ಪಕ್ಕದ ಕುರ್ಚಿಯಲ್ಲಿದ್ದ ಗಂಡಸು ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. ಎಣ್ಣೆ ಹಚ್ಚುವಷ್ಟು ಕೂದಲು ಅಲ್ಲಿರಲಿಲ್ಲ.

“ತಲೆಗಲ್ಲ ಮಾರಾಯ್ರೆ, ಅವಲಕ್ಕಿಗೆ,” ಎಂದು ತೊಡೆಯ ಮೇಲಿದ್ದ ಸ್ಟೀಲಿನ ಡಬ್ಬಿ ತೋರಿಸಿದರು. “ರಕ್ತ ಕೊಟ್ಟ ಕೂಡ್ಲೇ ತಿನ್ನು ಅಂತ ಅಮ್ಮ ಕಲಸಿ ಕೊಟ್ಟಿದ್ದಾರೆ.”

“ಕೊಲೆಸ್ಟ್ರಾಲ್ ಟೆಸ್ಟಿಗೆ ಬರೋವಾಗ ತೆಂಗಿನೆಣ್ಣೆ ಡಬ್ಬಿನಾ?”

“ಅದರಲ್ಲೆಂತ ತಪ್ಪು? ತೆಂಗಿನೆಣ್ಣೆ ಹೃದಯಕ್ಕೆ ಒಳ್ಳೇದು ಅಂತ ದಿನಾ ವಾಟ್ಸಾಪಲ್ಲಿ ಬರ್ತದಲ್ಲ.”

ಇದು ನನ್ನನ್ನು ಕೆಣಕಲು ಸಾಕಾಗಿತ್ತು. ಹೊಟ್ಟೆ ಖಾಲಿ, ಎದುರಿಗೆ ಪಾಠ ಕೇಳಲು ಒಬ್ಬರು ಸಿಕ್ಕಿದ್ದಾರೆ. ಸ್ಯಾಚುರೇಟೆಡ್ ಕೊಬ್ಬು ಎಂದರೇನು, ಅದು ತೆಂಗಿನೆಣ್ಣೆಯಲ್ಲಿ ಬೇರೆ ಎಣ್ಣೆಗಳಿಗಿಂತ ಎಷ್ಟು ಜಾಸ್ತಿ, ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಹೇಗೆ ಏರಿಸುತ್ತದೆ ಎಂದು ಒಂದು ಪೀರಿಯಡ್ಡಿನ ಪಾಠ ಮಾಡಿಬಿಟ್ಟೆ. ಅವರು ಕೈಕಟ್ಟಿ ಕೇಳಿದರು.

“ನಮ್ಮಮ್ಮಂಗೆ ಎಂಬತ್ತೆರಡು. ಹುಟ್ಟಿದಾಗಿಂದ ಇದನ್ನೇ ತಿಂತಾ ಇದ್ದಾರೆ. ಇವತ್ತಿಗೂ ಏಣಿ ಹಾಕಿ ನುಗ್ಗೆಕಾಯಿ ಕೊಯ್ತಾರೆ,” ಎಂದರು.

“ಒಬ್ಬರು ಚೆನ್ನಾಗಿದ್ದಾರೆ ಅಂದ್ರೆ ಅದು ಪುರಾವೆ ಆಗಲ್ಲ.”

“ಅದೂ ಹೌದು,” ಎಂದುಬಿಟ್ಟರು.

ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಒಬ್ಬ ಗಂಡಸು ಇಷ್ಟು ಬೇಗ ‘ಅದೂ ಹೌದು’ ಎಂದದ್ದನ್ನು ನಾನು ಕಂಡಿರಲಿಲ್ಲ.

ಹುಡುಗಿ ಬಂದಳು, ರಕ್ತ ತೆಗೆದಳು. ಹೊರಗೆ ಬಂದರೆ ಅವರು ಲ್ಯಾಬಿನ ಜಗಲಿಯ ಮೇಲೆ ಕೂತು, ಡಬ್ಬಿಯ ಮುಚ್ಚಳಕ್ಕೆ ಅರ್ಧ ಅವಲಕ್ಕಿ ಹಾಕಿ ಕಾಯುತ್ತಿದ್ದರು. ತೆಳು ಅವಲಕ್ಕಿ, ಕಾಯಿತುರಿ, ಬೆಲ್ಲ, ಸಾರಿನ ಪುಡಿ, ಮೇಲೆ ಹಸಿ ತೆಂಗಿನೆಣ್ಣೆ. ತಲೆಗೆ ಹಚ್ಚುವ ಎಣ್ಣೆಯನ್ನು ಬಾಯಿಗೆ ಹಾಕುತ್ತಿದ್ದೇನೆ ಎಂದು ಕಣ್ಣು ಮುಚ್ಚಿಕೊಂಡೇ ಮೊದಲ ತುತ್ತು ತಿಂದೆ. ಎರಡನೆಯದಕ್ಕೆ ಕಣ್ಣು ತೆರೆದೆ. ಮೂರನೆಯದಾಗುವಷ್ಟರಲ್ಲಿ ಮುಚ್ಚಳ ಖಾಲಿಯಾಗಿತ್ತು. ಅವರು ತಮ್ಮ ಪಾಲಿನಿಂದಲೂ ಸ್ವಲ್ಪ ಹಾಕಿದರು.

ತಿನ್ನುತ್ತಾ ತಿಳಿದದ್ದಿಷ್ಟು. ಅವರಿಗೆ ಐವತ್ಮೂರು. ಮನೆ ಶೃಂಗೇರಿಯ ಆಚೆ ನೆಮ್ಮಾರಿನಲ್ಲಿ, ಪಂಪ್‌ಸೆಟ್ ರಿಪೇರಿಯ ಅಂಗಡಿ ಕೊಪ್ಪದಲ್ಲಿ. ದಿನಾ ಬೈಕಿನಲ್ಲಿ ಓಡಾಟ. ಹೆಂಡತಿ ತೀರಿಕೊಂಡು ಹತ್ತು ವರ್ಷದ ಮೇಲಾಯಿತು, ಮಕ್ಕಳಿಲ್ಲ. ಮನೆಯಲ್ಲಿ ಅವರು ಮತ್ತು ಅಮ್ಮ.

ಸಂಜೆ ರಿಪೋರ್ಟ್ ತರಲು ಹೋದಾಗ ಅವರೂ ಬಂದಿದ್ದರು. ಅವರ ಹಾಳೆಯಲ್ಲಿ ಮಿತಿ ಮೀರಿದ ಎರಡು ಸಾಲು ದಪ್ಪ ಅಕ್ಷರದಲ್ಲಿತ್ತು. “ಹೇಳಿರಲಿಲ್ವಾ?” ಎಂದು ಗೆದ್ದವಳ ಹಾಗೆ ನನ್ನದನ್ನು ಬಿಡಿಸಿದೆ. ನನ್ನದರಲ್ಲಿ ಮೂರು ಸಾಲು ದಪ್ಪ ಅಕ್ಷರದಲ್ಲಿತ್ತು. ಅವರು ಬಗ್ಗಿ ಇಣುಕಿ, ತುಂಬ ಗೌರವದಿಂದ, “ಟೀಚರೇ, ನೀವು ಫಸ್ಟು,” ಎಂದರು. ಕೌಂಟರಿನವರು ತಲೆಯೆತ್ತಿ ನೋಡುವಷ್ಟು ನಕ್ಕೆವು.

ಡಾಕ್ಟರ ಹತ್ತಿರ ನಮ್ಮ ಟೋಕನ್ನುಗಳು ಒಂದರ ಹಿಂದೊಂದು. ಡಾಕ್ಟರು ನನ್ನ ವಿದ್ಯಾರ್ಥಿನಿಯಾಗಿರಬಹುದಾಗಿದ್ದ ವಯಸ್ಸಿನ ಹುಡುಗಿ. ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ನಿಂತದ್ದನ್ನು ನೋಡಿ ಒಳಗೆ ಕರೆದು, ಎರಡು ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟುಕೊಂಡು, “ಇಬ್ಬರದ್ದೂ ಹೀಗೇ ಇದೆ. ಮನೇಲಿ ಅಡುಗೆ ಯಾರು ಮಾಡೋದು?” ಎಂದರು.

ನನಗೆ ಕಿವಿಯವರೆಗೆ ಬಿಸಿಯಾಯಿತು. “ಬೇರೆ ಬೇರೆ ಮನೆ,” ಎಂದೆ. “ಬೇರೆ ಬೇರೆ ಎಣ್ಣೆ,” ಎಂದು ಅವರು ಸೇರಿಸಿದರು. ಡಾಕ್ಟರು ಕ್ಷಮೆ ಕೇಳಿ, ಆದರೂ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದರು.

“ತೆಂಗಿನೆಣ್ಣೆ ವಿಷ ಏನಲ್ಲ. ಔಷಧಿಯೂ ಅಲ್ಲ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಹಾಗಾಗಿ ದಿನಾ ಒಗ್ಗರಣೆಗೂ ಅದೇ, ಕರಿಯೋಕೂ ಅದೇ ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ. ನಿಮಗೀಗ ಏರಿದೆ. ರುಚಿಗೆ ಅಂತ ಒಂದು ಚಮಚ ಹಾಕ್ಕೊಳ್ಳಿ, ತೊಂದರೆ ಇಲ್ಲ. ದಿನದ ಅಡುಗೆಗೆ ಕಡಲೆಕಾಯಿದೋ ಸೂರ್ಯಕಾಂತಿದೋ ಬಳಸಿ. ಅದನ್ನೂ ಅಳತೆ ಮಾಡಿ.”

ನಾನು ಕತ್ತು ನೆಟ್ಟಗೆ ಮಾಡಿಕೊಂಡು ಕೂತೆ. ಡಾಕ್ಟರು ನನ್ನ ಕಡೆ ತಿರುಗಿದರು.

“ಮೇಡಂ, ನೀವು ಕಡಲೆಕಾಯಿ ಎಣ್ಣೇನೇ ಬಳಸೋದು. ಸರಿ. ಸಂಜೆ ಏನು ತಿಂತೀರಿ?”

“ಒಂದು ಪಫ್ಸ್.”

“ದಿನಾ?”

“ಭಾನುವಾರ ಬೇಕರಿ ರಜ.”

“ಪಫ್ಸಿನ ಪದರ ಪದರ ಹೇಗೆ ಬರುತ್ತೆ ಅಂತ ಗೊತ್ತಲ್ಲ?”

ಗೊತ್ತಿತ್ತು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿ ಮಾಡುವ ಕ್ರಿಯೆಯನ್ನು ಪ್ರತಿ ವರ್ಷ ಹತ್ತನೆಯ ತರಗತಿಗೆ ನಾನೇ ಪಾಠ ಮಾಡುತ್ತೇನೆ. ಪಾಠ ಮುಗಿಸಿ, ಸೀದಾ ಬೇಕರಿಗೆ ಹೋಗಿ, ಆ ವನಸ್ಪತಿಯನ್ನೇ ತಿಂದು ಬರುತ್ತಿದ್ದೆ! ಪಕ್ಕದಲ್ಲಿ ಅವರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಡಾಕ್ಟರಿಗೂ ತಿಳಿಯಿತು.

ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಎಂದು ಹೇಳಿ ಕಳಿಸಿದರು. ಹೊರಗೆ ಬಂದು ನಾವು ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಂಡೆವು. ನಾನು ಪಫ್ಸ್ ಬಿಡಬೇಕು, ಅವರು ತೆಂಗಿನೆಣ್ಣೆ ಕಡಿಮೆ ಮಾಡಬೇಕು, ಒಬ್ಬರ ಮೇಲೊಬ್ಬರು ಕಣ್ಣಿಡಬೇಕು ಎಂದು ಒಪ್ಪಂದವಾಯಿತು. 

ಒಂದು ವಾರದಲ್ಲೇ ಅವರ ಫೋನ್ ಬಂತು. “ಟೀಚರೇ, ಅಮ್ಮ ಕೇಳ್ತಾ ಇಲ್ಲ. ನಾನು ತಂದ ಕಡಲೆಕಾಯಿ ಎಣ್ಣೇನ ದೀಪಕ್ಕೆ ಹಾಕಿಬಿಟ್ರು. ನೀವು ಒಂದ್ಸಲ ಬಂದು ಹೇಳ್ತೀರಾ?”

ಭಾನುವಾರ ನಾನು ನೆಮ್ಮಾರಿಗೆ ಹೊರಟೆ. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಅವರ ಅಮ್ಮ ಸಣ್ಣ ಆಳು, ಚುರುಕು ಕಣ್ಣು. ನನ್ನೊಡನೆ ಎಲ್ಲರ ಕನ್ನಡದಲ್ಲೇ ಮಾತಾಡುತ್ತಿದ್ದರು, ಆವೇಶ ಬಂದಾಗ ಮಾತ್ರ ಮನೆಮಾತು ನುಗ್ಗುತ್ತಿತ್ತು. ನಾನು ಕೂರುವ ಮೊದಲೇ ಹಲಸಿನ ಹಪ್ಪಳ ಕರಿದು ತಂದಿಟ್ಟರು. ತೆಂಗಿನೆಣ್ಣೆಯಲ್ಲಿ.

ನಾನು ತಯಾರಾಗಿ ಹೋಗಿದ್ದೆ. ಎರಡು ಗಾಜಿನ ಲೋಟ ತರಿಸಿ, ಒಂದಕ್ಕೆ ಅವರ ತೆಂಗಿನೆಣ್ಣೆ, ಇನ್ನೊಂದಕ್ಕೆ ನಾನು ತಂದಿದ್ದ ಕಡಲೆಕಾಯಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಹಪ್ಪಳ ಮುಗಿಯುವವರೆಗೆ ಕಾದೆವು. ಆಮೇಲೆ ಹೊರಗೆ ತೆಗೆದೆ. ಕಡಲೆಕಾಯಿ ಎಣ್ಣೆ ಹರಿಯುತ್ತಿತ್ತು, ತೆಂಗಿನೆಣ್ಣೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಲೋಟವನ್ನು ತಲೆಕೆಳಗೆ ಮಾಡಿ ತೋರಿಸಿದೆ. ಒಂದು ಹನಿಯೂ ಬೀಳಲಿಲ್ಲ.

“ನೋಡಿ ಅಮ್ಮ,” ಎಂದೆ. ಮುಂದಿನ ಮಾತು ಹೇಳದೆಯೇ ಅವರಿಗೆ ಹೊಳೆಯಲಿ ಎಂದು ಲೋಟವನ್ನು ಅವರ ಮುಂದೆ ಹಿಡಿದೆ.

ಅವರು ಲೋಟ ನೋಡಿದರು, ನನ್ನನ್ನು ನೋಡಿದರು. “ಎಂತ ಕೂಸೇ, ನನ್ನ ಹೊಟ್ಟೆ ಒಳಗೆ ಫ್ರಿಜ್ ಇದ್ದಾ?”

ಮಗ ಎದ್ದು ಹಿತ್ತಿಲಿಗೆ ಓಡಿಹೋದರು. ಅಲ್ಲಿಂದ ನಗುವ ಸದ್ದು ಕೇಳುತ್ತಿತ್ತು. ನಾನು ಪೂರ್ತಿ ಸೋತಿದ್ದೆ, ಯಾಕೆಂದರೆ ಅವರ ಮಾತು ಸರಿ. ಮೈಯ ಬಿಸಿಯಲ್ಲಿ ಯಾವ ತೆಂಗಿನೆಣ್ಣೆಯೂ ಹೀಗೆ ಗಟ್ಟಿಯಾಗುವುದಿಲ್ಲ. ಲೋಟದಲ್ಲಿ ಹೆಪ್ಪುಗಟ್ಟಿದಂತೆ ರಕ್ತನಾಳದಲ್ಲೂ ಕಟ್ಟಿಕೊಳ್ಳುತ್ತದೆ ಎಂದು ಅವರನ್ನು ಹೆದರಿಸಲು ಹೊರಟಿದ್ದೆ, ಅದು ಸುಳ್ಳೆಂದು ನನಗೇ ಗೊತ್ತಿತ್ತು. ಜೊತೆಗೆ ನಲವತ್ತೊಂಬತ್ತರ ನನ್ನನ್ನು ಅವರು ಕೂಸೇ ಎಂದಿದ್ದರು. ಕೂಸೆಂದರೆ ಅವರ ಮಾತಿನಲ್ಲಿ ಹುಡುಗಿ. ಸೋಲಿನ ಜೊತೆಗೇ ಮೈಯೆಲ್ಲ ಹಗುರಾಯಿತು.

“ಇಲ್ಲ ಅಮ್ಮ, ನೀವು ಹೇಳಿದ್ದು ಸರಿ. ನಾನು ತೋರಿಸಿದ್ದು ತಪ್ಪು,” ಎಂದು ಒಪ್ಪಿಕೊಂಡೆ. ಗಟ್ಟಿಯಾಗುವ ಕೊಬ್ಬು ಬೇರೆ ಜಾತಿಯದು ಎಂದಷ್ಟೇ ಲೋಟದಿಂದ ತಿಳಿಯುತ್ತದೆ, ಅದು ಕೊಲೆಸ್ಟ್ರಾಲ್ ಏರಿಸುವುದು ಬೇರೆ ದಾರಿಯಲ್ಲಿ, ಯಕೃತ್ತಿನಲ್ಲಿ, ಎಂದು ವಿವರಿಸಿದೆ. ಒಪ್ಪಿಕೊಂಡಿದ್ದಕ್ಕೋ ಏನೋ, ಅವರೂ ಮೆತ್ತಗಾದರು. ಕಾಲು ಚಾಚಿ ಕೂತರು.

“ಹಾಗಾದ್ರೆ ಇಷ್ಟು ವರ್ಷ ತಿಂದ ಯಂಗೆ ಯಾಕೆ ಎಂತದೂ ಆಗ್ಲಿಲ್ಲೆ?”

“ನಿಮ್ಮ ಕಾಲದಲ್ಲಿ ಮನೇಲಿ ಎಣ್ಣೆ ಎಷ್ಟು ಖರ್ಚಾಗ್ತಿತ್ತು?” ಎಂದು ಸುಮ್ಮನೆ ಕೇಳಿದೆ. 

ಅದು ಅವರನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ಕೊಬ್ಬರಿ ಒಣಗಿಸಿ ಗಾಣಕ್ಕೆ ಕೊಟ್ಟು ತಂದ ಒಂದು ಭರಣಿ ಎಣ್ಣೆ, ಅದರಲ್ಲೇ ದೀಪ, ಅದರಲ್ಲೇ ಹನ್ನೊಂದು ಜನರ ತಲೆ, ಅದರಲ್ಲೇ ಅಡುಗೆ. ಅತ್ತೆಯ ಕೈಯಲ್ಲಿ ಎಣ್ಣೆ ಅಳೆಯುವ, ಚಮಚದಷ್ಟು ಸಣ್ಣ ಹಿತ್ತಾಳೆ ಮಿಳ್ಳೆ. ಒಂದು ಪಾತ್ರೆ ಹುಳಿಗೆ ಒಂದೇ ಮಿಳ್ಳೆ ಎಣ್ಣೆ. ಹಪ್ಪಳ ಕರಿಯುವುದು ಹಬ್ಬಕ್ಕೆ, ನೆಂಟರು ಬಂದರೆ. ಉಳಿದ ದಿನ ಕೆಂಡದ ಮೇಲೆ ಸುಟ್ಟು ತಿನ್ನುವುದು.

“ಈಗ?” ಎಂದೆ.

ಅವರು ಅಡುಗೆಮನೆಯ ಮೂಲೆ ನೋಡಿದರು. ಅಲ್ಲಿ ಐದು ಲೀಟರಿನ ಕ್ಯಾನು, ಪಕ್ಕದಲ್ಲಿ ಇನ್ನೊಂದು ಖಾಲಿ ಕ್ಯಾನು. ಮನೆಯಲ್ಲಿ ಎರಡೇ ಜನ. ಬೆರಳು ಮಡಚಿ ಏನೋ ಎಣಿಸಿದರು, ಮತ್ತೆ ಎಣಿಸಿದರು.

“ಮಾಣಿ!” ಎಂದು ಮಗನನ್ನು ಕೂಗಿದರು. ಮಾಣಿ ಎಂದರೆ ಹುಡುಗ. ಐವತ್ಮೂರರ ಹುಡುಗ ಹಿತ್ತಿಲ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕಾಣಿಸಿಕೊಂಡರು. “ದಿನಾ ಹಪ್ಪಳ ಕರಿ ಅಂತ ನನ್ನ ಹತ್ರ ಹೇಳದು ನೀನು. ಮೈ ಬಗ್ಗಿಸದೆ ಬೈಕಲ್ಲಿ ಕೂತು ತಿರುಗದೂ ನೀನು. ಎಣ್ಣೆ ಮೇಲೆ ಯಾಕೆ ತಪ್ಪು ಹೊರಸ್ತೆ?”

ಎದ್ದು ಅಟ್ಟದ ಡಬ್ಬಗಳ ಹಿಂದಿನಿಂದ ಅತ್ತೆಯ ಮಿಳ್ಳೆ ಹುಡುಕಿ ತೆಗೆದು, ಹುಣಸೆಹಣ್ಣಿನಲ್ಲಿ ತಿಕ್ಕಿ, ಒಲೆಯ ಪಕ್ಕ ಇಟ್ಟರು. ಬೆಳಿಗ್ಗೆ ಒಂದು ಮಿಳ್ಳೆ ತೆಂಗಿನೆಣ್ಣೆ, ಅದೂ ತಂಬುಳಿಯ ಒಗ್ಗರಣೆಗೋ ಅವಲಕ್ಕಿಗೋ, ಎಲ್ಲಿ ಪರಿಮಳ ಬೇಕೋ ಅಲ್ಲಿಗೆ. ಉಳಿದದ್ದಕ್ಕೆ ನನ್ನ ಕಡಲೆಕಾಯಿ ಎಣ್ಣೆ, ಅದಕ್ಕೂ ಅದೇ ಅಳತೆ. ಹಪ್ಪಳ ಕೆಂಡದ ಮೇಲೆ. ತೀರ್ಪು ಕೊಟ್ಟು ನನ್ನ ಕಡೆ ತಿರುಗಿದರು. “ನೀನು ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗು. ಇವ ಕದೀತಾನೆ.”

ಹೋಗದೆ ಇರಲಾಗುತ್ತದೆಯೇ? ಆ ಮೂರು ತಿಂಗಳು ನನಗೆ ಏನಾಗಿತ್ತೋ ಗೊತ್ತಿಲ್ಲ. ಸೋಮವಾರದಿಂದ ಭಾನುವಾರ ಎಣಿಸುತ್ತಿದ್ದೆ. ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಅಂಗಡಿಯಿಂದ ಅವರ ಊಟದ ಡಬ್ಬಿಯ ಫೋಟೋ ಫೋನಿಗೆ ಬರುತ್ತಿತ್ತು. ಬಸಳೆ ಹುಳಿ, ಬಾಳೆದಿಂಡಿನ ಪಲ್ಯ, ಕೆಳಗೆ ‘ಪರೀಕ್ಷಿಸಿ’ ಎಂಬ ಒಂದು ಪದ. ನಾನು ಹತ್ತಕ್ಕೆ ಇಷ್ಟು ಎಂದು ಅಂಕ ಕಳಿಸುತ್ತಿದ್ದೆ. ಒಂದು ದಿನ ಎಂಟು ಕೊಟ್ಟೆ. ಎರಡು ಅಂಕ ಯಾಕೆ ಕಳೆದಿರಿ ಎಂದು ಸ್ಟಾಫ್ ರೂಮಿಗೇ ಫೋನ್ ಬಂತು. ಸಂಜೆ ಬೇಕರಿಯ ಮುಂದೆ ಹೋಗಬಾರದೆಂದು ನಾನು ಊರು ಸುತ್ತಿ ನಡೆದು ಮನೆಗೆ ಹೋಗುತ್ತಿದ್ದೆ. ನಡೆದದ್ದರಿಂದ ಏದುಸಿರು ಕಡಿಮೆಯಾಯಿತು, ಅವರ ಅಂಗಡಿ ಆ ಸುತ್ತಿನಲ್ಲೇ ಇದ್ದದ್ದರಿಂದ ಎದೆಬಡಿತ ಜಾಸ್ತಿಯಾಯಿತು. ಒಮ್ಮೆ ಅವರು ಶಾಲೆಯ ಪಂಪು ನೋಡಲು ಬಂದರು. ಪಂಪು ಕೆಟ್ಟಿರಲಿಲ್ಲ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಲ್ಯಾಬಿನ ಕಿಟಕಿಯ ಮುಂದೆ ಮೂರು ಸಲ ಓಡಾಡಿ ಹೋದರು. ಎಂಟನೇ ಕ್ಲಾಸಿನ ಹುಡುಗಿಯರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಎರಡನೆಯ ಟೆಸ್ಟಿನಲ್ಲಿ ಅವರ ದಪ್ಪ ಅಕ್ಷರಗಳೆಲ್ಲ ಹೋಗಿದ್ದವು. ನನ್ನದರಲ್ಲಿ ಒಂದು ಸಾಲು ಉಳಿದಿತ್ತು, ಅದೂ ಇಳಿದಿತ್ತು. ಡಾಕ್ಟರಿಗೆ ಸಂತೋಷವಾಯಿತು. ಎಣ್ಣೆ ಬದಲಿಸಿದ್ದು, ಅಳತೆ ಮಾಡಿದ್ದು, ನಡೆದದ್ದು, ಪಫ್ಸ್ ಬಿಟ್ಟದ್ದು, ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಹೇಳಲಾಗದು, ಎಲ್ಲವನ್ನೂ ಮುಂದುವರಿಸಿ ಎಂದರು. ವಿಜ್ಞಾನದ ಮೇಷ್ಟರಾಗಿ ನನಗೂ ಅದೇ ಸರಿಯಾದ ಉತ್ತರ ಎನ್ನಿಸಿತು.

ಆ ಭಾನುವಾರ ಊಟವಾದ ಮೇಲೆ ಅಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಹವಾಮಾನದ ಮಾತಿನ ಹಾಗೆ ಹೇಳಿದರು: “ವಾರ ವಾರ ಎರಡು ಬಸ್ಸು ಹತ್ತಿಳಿದು ಬರೋದೆಂತಕ್ಕೆ? ಇಲ್ಲೇ ಇದ್ದುಬಿಡು ಕೂಸೇ. ಇವನಿಗೆ ಕೇಳಲೆ ಹೆದರಿಕೆ. ಮೂರು ವಾರದಿಂದ ನನ್ನ ಹತ್ರ ಹೇಳ್ತಾ ಇದ್ದ.”

ಅವರು ಮಜ್ಜಿಗೆಯ ಲೋಟವನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

“ನಿಮ್ಮ ಮಗನೇ ಕೇಳಲಿ,” ಎಂದೆ.

“ಟೀಚರೇ,” ಎಂದರು ಅವರು, “ಆಗಬಹುದಾ?”

“ಆಗಬಹುದು,” ಎಂದೆ. ಅಷ್ಟೇ. ಅಮ್ಮ ಇಬ್ಬರಿಗೂ ಬೆಲ್ಲದ ಚೂರು ಕೊಟ್ಟರು.

ನರಸಿಂಹರಾಜಪುರದಲ್ಲಿ ನನ್ನ ಅಣ್ಣನಿಗೆ ಹೇಳುವಾಗ ಅವರದು ಬೇರೆ ಜಾತಿ ಎಂಬ ಮಾತು ಬಂದೀತೆಂದು ಮೈ ಗಟ್ಟಿಮಾಡಿಕೊಂಡಿದ್ದೆ. ಅಣ್ಣ ಅಂಗಡಿಯ ತಕ್ಕಡಿ ಒರೆಸಿಟ್ಟ. ಆಮೇಲೆ, “ತಲೆಗೆ ಹಚ್ಚೋ ಎಣ್ಣೇಲಿ ಅಡುಗೆ ಮಾಡೋ ಮನೆಗಾ?” ಎಂದ. ಒಳಗಿನಿಂದ ಅತ್ತಿಗೆ ಫಕ್ಕನೆ ನಕ್ಕಳು. ಅಣ್ಣನೊಳಗೆ ಬೇರೆ ಮಾತೂ ಇತ್ತು ಎಂದು ನನಗೆ ಗೊತ್ತು. ಒಂದು ವಾರ ಫೋನ್ ಮಾಡಲಿಲ್ಲ. ಎಂಟನೆಯ ದಿನ ಮಾಡಿ, ರಿಜಿಸ್ಟರ್ ಯಾವತ್ತು, ಸಾಕ್ಷಿಗೆ ನಾನೇ ಬರ್ತೀನಿ ಎಂದ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮದುವೆ ಕೊಪ್ಪದಲ್ಲಿ ರಿಜಿಸ್ಟರ್ ಆಯಿತು. ಊಟಕ್ಕೆ ಮೂವತ್ತು ಜನ. ಅಣ್ಣನ ಕಡೆಯವರು ಎಣ್ಣೆಗಾಯಿ ಮಾಡಿಸಿಕೊಂಡು ಬಂದಿದ್ದರು, ಅಮ್ಮ ಬೆಳಿಗ್ಗೆಯೇ ಅವಲಕ್ಕಿ ಕಲಸಿದ್ದರು. ಅಣ್ಣ ಅನುಮಾನದಿಂದ ಮೂಸಿ, ಚೂರು ಬಾಯಿಗೆ ಹಾಕಿಕೊಂಡು, ಅತ್ತಿತ್ತ ನೋಡಿ, ಎರಡನೆಯ ಸಲ ಹಾಕಿಸಿಕೊಂಡ.

ಈಗ ತೆಂಗಿನೆಣ್ಣೆ ಒಳ್ಳೆಯದಾ ಕೆಟ್ಟದ್ದಾ ಎಂದು ಯಾರಾದರೂ ನನ್ನನ್ನು ಕೇಳಿದರೆ, ದಿನಾ ಎಲ್ಲದಕ್ಕೂ ಅದೇ ಬೇಡ, ಘಮಕ್ಕೆ ಬೇಕಾದಷ್ಟು ಸಾಕು ಎನ್ನುತ್ತೇನೆ. ನಮ್ಮತ್ತೆಗೆ ಮಾತ್ರ ಅಷ್ಟು ಚುಟುಕು ಉತ್ತರ ಸಾಲದು. ಹೋದ ತಿಂಗಳು ಸಿರಿಮನೆಯ ನೆಂಟರ ಮನೆಯಲ್ಲೊಂದು ಪೂಜೆ. ನಾವಿಬ್ಬರೂ ಚಾವಡಿಯಲ್ಲಿ ಕೂತಿದ್ದಾಗ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು. ಅಡುಗೆಯವರು ದೊಡ್ಡ ಬಾಣಲೆಗೆ ತೆಂಗಿನೆಣ್ಣೆಯ ಕ್ಯಾನು ಬಗ್ಗಿಸಿದ್ದರಂತೆ.

“ಭಟ್ರೇ, ಅದ್ರಲ್ಲಿ ಸಾಚುರೇಟು ಇದ್ದು, ಗೊತ್ತಿದ್ದಾ? ಹೊಟ್ಟೆಗೆ ಹೋದ್ಮೇಲೆ ಅದು ಯಕೃತ್ತಿಗೆ ಹೋಗಿ ಕೂರ್ತು!”

“ಯಾರು ಹೇಳಿದ್ದಮ್ಮ?”

“ನನ್ನ ಸೊಸೆ. ಸೈನ್ಸು ಓದಿದ್ದಾಳೆ.” ಒಂದು ಕ್ಷಣ ಬಿಟ್ಟು ದನಿ ತಗ್ಗಿತು, ಆದರೂ ನಮಗೆ ಕೇಳಿತು. “ಬಾಳೆಕಾಯಿ ಚಿಪ್ಸ್ ಒಂದು ಮಾತ್ರ ಅದರಲ್ಲೇ ಕರೀರಿ. ಅವಳಿಗೆ ಹೇಳಡಿ, ಗೊತ್ತಾಗದು ಬೇಡ.”

ಊಟ ಮುಗಿಸಿ ಮೂವರೂ ಅಲ್ಲೇ ಹತ್ತಿರದ ಸಿರಿಮನೆ ಫಾಲ್ಸ್ ನೋಡಲು ಹೋದೆವು. ಮೆಟ್ಟಿಲುಗಳನ್ನು ಅತ್ತೆ ನಮ್ಮಿಬ್ಬರಿಗಿಂತ ಮೊದಲು ಇಳಿದರು. ನೀರು ಎರಚಿ ಸೀರೆಯ ಅಂಚೆಲ್ಲ ಒದ್ದೆಯಾಯಿತು. ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ್ದ ಚಿಪ್ಸ್ ತೆಗೆದು ಮೂರು ಪಾಲು ಮಾಡಿದರು. ನೀರಿನ ಸದ್ದಿಗೆ ಅವರು ಏನೋ ಹೇಳಿದ್ದು ಕೇಳಲಿಲ್ಲ. ನಾನು ಏನೆಂದು ಕೂಗಿದೆ, ಅವರು ಬಾಯಿ ತುಂಬ ಚಿಪ್ಸ್ ಇಟ್ಟುಕೊಂಡು ತಲೆಯಾಡಿಸಿದರು. ನನ್ನ ಗಂಡ ಬಂಡೆಯ ಮೇಲೆ ಕೂತು ನಗುವ ಭರದಲ್ಲಿ ಕಾಲಿನ ಚಪ್ಪಲಿಯೊಂದನ್ನು ನೀರಿಗೆ ಬೀಳಿಸಿಕೊಂಡರು. ಅದನ್ನು ಹಿಡಿಯಲು ಮೂವರೂ ಬಗ್ಗಿದೆವು.